ಪದವಿಯ ಚಪ್ಪರ, ನಂಬಿಕೆಯ ಬಳ್ಳಿ

ಪಿಯುಸಿ ಫಲಿತಾಂಶ ಬಂದ ವಾರದಿಂದ ಗುರುನಿವಾಸದ ಬಾಗಿಲು ತಟ್ಟುವವರು ಹೆಚ್ಚಾಗುತ್ತಾರೆ. ಒಬ್ಬರಿಗೆ ಜ್ಞಾನಸ್ನಾನದ ಸರ್ಟಿಫಿಕೇಟು ಬೇಕು, ಇನ್ನೊಬ್ಬರಿಗೆ ಧರ್ಮಕೇಂದ್ರದ ಪತ್ರ ಬೇಕು, ಮತ್ತೊಬ್ಬರಿಗಾಗಿ ನಾವು ಪ್ರಿನ್ಸಿಪಾಲರ ಹತ್ತಿರ ಒಂದು ಮಾತು ಹೇಳಬೇಕು. ‘ನಮ್ಮವರದೇ ಕಾಲೇಜು ಅಲ್ವಾ ಫಾದರ್’ ಎಂಬುದು ಎಲ್ಲರ ಕೊನೆಯ ಮಾತು. ಶುಲ್ಕ ಎಷ್ಟು, ಹಾಸ್ಟೆಲ್ ಇದೆಯೇ, ಓದು ಮುಗಿದ ಮೇಲೆ ಕೆಲಸ ಸಿಗುತ್ತದೆಯೇ ಎಂದು ತಂದೆತಾಯಂದಿರು ವಿಚಾರಿಸುತ್ತಾರೆ. ವಿಚಾರಿಸಲೇಬೇಕು, ಸಾಲ ಮಾಡಿ ಓದಿಸುವವರಿಗೆ ಆ ಚಿಂತೆ ಸಣ್ಣದಲ್ಲ. ಆದರೆ ‘ಈ ಮೂರು ವರ್ಷಗಳಲ್ಲಿ ನನ್ನ ಮಗಳಿಗೆ ಏನನ್ನು ಕಡ್ಡಾಯವಾಗಿ ಕಲಿಸುತ್ತಾರೆ?’ ಎಂದು ಕೇಳಿದವರನ್ನು ನಾವು ಇದುವರೆಗೂ ಕಂಡಿಲ್ಲ.

ಈ ಪ್ರಶ್ನೆ ಈಗ ಮುಖ್ಯವಾಗಿದೆ. ಏಕೆಂದರೆ ನಮ್ಮ ಕಣ್ಣೆದುರಿಗೇ ನಮ್ಮ ಕಾಲೇಜುಗಳು ವಿಶ್ವವಿದ್ಯಾಲಯಗಳಾಗುತ್ತಿವೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1882ರಲ್ಲಿ ಆರಂಭವಾದ ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿಗೂ 2024ರಲ್ಲಿ ಡೀಮ್ಡ್ ಸ್ಥಾನ ದೊರೆಯಿತು. ವಿಶ್ವವಿದ್ಯಾಲಯವಾದ ಮೇಲೆ ಪಠ್ಯಕ್ರಮವನ್ನು ಬಹುಮಟ್ಟಿಗೆ ಸಂಸ್ಥೆಯೇ ರೂಪಿಸಬಹುದು. ಹಿಂದೆ ‘ವಿಶ್ವವಿದ್ಯಾಲಯ ಹೇಳಿದ್ದನ್ನು ನಾವು ಕಲಿಸುತ್ತೇವೆ, ನಮ್ಮ ಕೈಯಲ್ಲಿ ಏನಿದೆ?’ ಎಂದು ಹೇಳಬಹುದಿತ್ತು. ಇನ್ನು ಮುಂದೆ ಹಾಗೆ ಹೇಳುವಂತಿಲ್ಲ. ನಾವು ಏನನ್ನು ನಂಬುತ್ತೇವೆ ಎಂಬುದನ್ನು ಪದವಿಯ ಚೌಕಟ್ಟಿನೊಳಗೇ ಬರೆದು ತೋರಿಸಬೇಕಾದ ಕಾಲ ಬಂದಿದೆ.

ಪದವಿಯ ಚೌಕಟ್ಟು ಎಂದರೇನು? ಇಂದಿನ ಪದ್ಧತಿಯಲ್ಲಿ ಎಲ್ಲವನ್ನೂ ಅಳೆಯುವುದು ‘ಕ್ರೆಡಿಟ್’ ಎಂಬ ಸೇರಿನಿಂದ. ಒಂದು ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆಯಂತೆ ಸುಮಾರು ಹದಿನೈದು ಗಂಟೆಗಳ ಪಾಠ ನಡೆದರೆ ಒಂದು ಕ್ರೆಡಿಟ್. ಪ್ರಯೋಗಾಲಯದ ಕೆಲಸಕ್ಕೆ ಅದರ ಎರಡು ಪಟ್ಟು ಹೊತ್ತು ಬೇಕು. ಮುಖ್ಯ ವಿಷಯಕ್ಕೆ ಇಷ್ಟು, ಭಾಷೆಗಳಿಗೆ ಇಷ್ಟು, ಎಲ್ಲರೂ ಓದಲೇಬೇಕಾದ ಸಾಮಾನ್ಯ ವಿಷಯಗಳಿಗೆ ಇಷ್ಟು ಎಂದು ಹಂಚಿದ ಪಟ್ಟಿಯೇ ಪದವಿಯ ರಚನೆ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ವರ್ಷ ಎಷ್ಟು ಎಂಬುದರ ಮೇಲೆ ಮನೆಮನೆಯಲ್ಲೂ ಚರ್ಚೆ ನಡೆಯಿತು. ಆ ವರ್ಷಗಳೊಳಗೆ ಏನು ತುಂಬಿದೆ ಎಂಬ ಚರ್ಚೆ ನಮ್ಮ ಕಿವಿಗೆ ಬಿದ್ದದ್ದು ಕಡಿಮೆ.

ಗುರುಮಠದಲ್ಲಿ ಓದಿದ ನಮಗೆ ಇಂಥ ರಚನೆ ಹೊಸದಲ್ಲ. ಧರ್ಮಸಭೆಯ ವಿದ್ಯಾಪೀಠಗಳಲ್ಲಿ ಓದು ಮೂರು ಹಂತಗಳಲ್ಲಿ ಸಾಗುತ್ತದೆ: ಬಕ್ಕಲೋರಿಯಾತ್, ಲಿಸೆನ್ಷಿಯೇಟ್, ಡಾಕ್ಟರೇಟ್. ಎರಡನೆಯ ಜಾನ್ ಪೌಲರು 1979ರಲ್ಲಿ ಇದಕ್ಕೆ ನಿಯಮಗಳನ್ನು ಕೊಟ್ಟರು. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2018ರ ಜನವರಿಯಲ್ಲಿ ಪ್ರಕಟಿಸಿದ ‘ವೆರಿತಾತಿಸ್ ಗೌದಿಯುಮ್’ ಎಂಬ ಶಾಸನದಲ್ಲಿ ಅವನ್ನು ಪರಿಷ್ಕರಿಸಿದರು. ನಡುವೆ 2011ರಲ್ಲಿ ತತ್ವಶಾಸ್ತ್ರದ ಮೊದಲ ಹಂತವನ್ನು ಮೂರು ವರ್ಷಕ್ಕೆ ಏರಿಸಲಾಯಿತು. ಈ ರಚನೆಯಲ್ಲಿ ಒಂದು ವಿಶೇಷವಿದೆ. ತತ್ವಶಾಸ್ತ್ರ ಓದದವನು ದೈವಶಾಸ್ತ್ರದ ಆಳಕ್ಕೆ ಇಳಿಯುವಂತಿಲ್ಲ. ಮೊದಲು ಪ್ರಶ್ನೆ ಕೇಳುವುದನ್ನು ಕಲಿ, ಆಮೇಲೆ ನಂಬಿಕೆಯನ್ನು ವಿವರಿಸು ಎಂಬುದು ಇದರ ಒಳಾರ್ಥ. ಅಂದರೆ ಧರ್ಮಸಭೆ ಮನುಷ್ಯನ ಬುದ್ಧಿಯನ್ನು ಎಷ್ಟು ಗೌರವಿಸುತ್ತದೆ ಎಂಬುದು ಪಾಠಪಟ್ಟಿಯ ಅನುಕ್ರಮದಲ್ಲೇ ಬರೆದಿದೆ. ಈ ಓದು ಸರ್ಕಾರದ ಲೆಕ್ಕದಲ್ಲಿ ಸಾಮಾನ್ಯವಾಗಿ ಪದವಿ ಎನಿಸಿಕೊಳ್ಳುವುದಿಲ್ಲ. ಅದಕ್ಕಾಗಿಯೇ ಅನೇಕ ಬ್ರದರುಗಳು ಬೇರೆ ವಿಶ್ವವಿದ್ಯಾಲಯದ ಬಿ.ಎ. ಪರೀಕ್ಷೆಯನ್ನೂ ಬರೆಯುತ್ತಾರೆ. ಮಾನ್ಯತೆ ಒಂದು ಕಡೆ, ನಂಬಿಕೆ ಒಂದು ಕಡೆ. ಎರಡೂ ಕೈ ಹಿಡಿದು ನಡೆಯುವುದು ಎಷ್ಟು ಕಷ್ಟ ಎಂಬುದು ನಮಗೆ ಅನುಭವದಿಂದ ಗೊತ್ತು.

ಈ ಎರಡನ್ನೂ ಒಂದೇ ಚಪ್ಪರದ ಮೇಲೆ ಹಬ್ಬಿಸಲು ಹೊರಟ ಒಂದು ಸಣ್ಣ ವಿಶ್ವವಿದ್ಯಾಲಯವನ್ನು ನಾವು ನೋಡಿದ್ದು ತಮಿಳುನಾಡಿನ ದಿಂಡಿಗಲ್‌ನಲ್ಲಿ. ಗುರುಮಠದಲ್ಲಿ ನಮ್ಮ ಜೊತೆ ಓದಿದ ಸ್ನೇಹಿತರೊಬ್ಬರು ಆ ಕಡೆ ಸೇವೆಯಲ್ಲಿದ್ದಾರೆ. ‘ಬನ್ನಿ, ನಿಮ್ಮ ಭಾಷೆ ಆಡುವವರನ್ನೂ ತೋರಿಸುತ್ತೇನೆ’ ಎಂದು ಕರೆದರು. ದಿಂಡಿಗಲ್‌ನಿಂದ ತೇನಿ, ಅಲ್ಲಿಂದ ಕಂಬಂ ಕಣಿವೆ ಎಂದು ನಾಲ್ಕು ದಿನ ತಿರುಗಾಡಿದೆವು.

ಪಶ್ಚಿಮ ಘಟ್ಟದ ಮಡಿಲಲ್ಲಿರುವ ಕಂಬಂ ಕಣಿವೆ ಹಸಿರಾಗಿರುವುದು ಮುಲ್ಲಪೆರಿಯಾರ್ ನೀರಿನಿಂದ. ಪಡುವಣಕ್ಕೆ ಹರಿಯುತ್ತಿದ್ದ ಹೊಳೆಯ ನೀರನ್ನು ಬೆಟ್ಟ ಕೊರೆದು ಮೂಡಣಕ್ಕೆ ತಿರುಗಿಸಿದ ಅಣೆಕಟ್ಟು ಅದು, 1895ರಲ್ಲಿ ಮುಗಿಯಿತು. ಕಟ್ಟಿಸಿದ ಎಂಜಿನಿಯರ್ ಪೆನ್ನಿಕ್ವಿಕ್ ಅವರ ಚಿತ್ರ ಇಂದಿಗೂ ಅಲ್ಲಿನ ಮನೆ, ಅಂಗಡಿಗಳಲ್ಲಿದೆ. ಅದೇ 1895ರಲ್ಲಿ ಮೇಲಿನ ಕೊಡೈಕೆನಾಲ್ ಬೆಟ್ಟದ ಶೆಂಬಗನೂರಿನಲ್ಲಿ ಯೇಸುಸಭೆಯ ಗುರುಗಳು ತಮ್ಮ ಬ್ರದರುಗಳಿಗಾಗಿ ಪವಿತ್ರ ಹೃದಯ ಕಾಲೇಜನ್ನು ತೆರೆದರು. ಒಂದು ಹೊಲಗಳಿಗೆ ನೀರು ಕೊಟ್ಟಿತು, ಇನ್ನೊಂದು ಗುರುಗಳನ್ನು ಕೊಟ್ಟಿತು. ಅಲ್ಲಿದ್ದ ಗುರುಗಳು ಬೆಟ್ಟದ ಗಿಡಗಳನ್ನೂ ಪ್ರಾಣಿಗಳನ್ನೂ ಅಭ್ಯಾಸ ಮಾಡಿ ಕಟ್ಟಿದ ಜೀವವಿಜ್ಞಾನ ಸಂಗ್ರಹಾಲಯ ಪ್ರವಾಸಿಗರಿಗೆಲ್ಲ ಪರಿಚಿತ. ದೇವರನ್ನು ಓದುವವನು ದೇವರ ಸೃಷ್ಟಿಯನ್ನೂ ಓದಬೇಕು ಎಂಬ ನಂಬಿಕೆ ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಕಾಣಸಿಗುತ್ತದೆ.

ಕಣಿವೆಯಲ್ಲಿ ಎತ್ತ ನೋಡಿದರೂ ದ್ರಾಕ್ಷಿ. ಪನ್ನೀರು ದ್ರಾಕ್ಷಿ ಎನ್ನುತ್ತಾರೆ; 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಈ ತಳಿಯನ್ನು 1832ರಲ್ಲಿ ತಮಿಳುನಾಡಿಗೆ ತಂದವರು ಒಬ್ಬ ಫ್ರೆಂಚ್ ಗುರುಗಳು ಎಂದು ಹೇಳುತ್ತಾರೆ. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಚಪ್ಪರ ಹಾಕಿ ಬಳ್ಳಿ ಹಬ್ಬಿಸುತ್ತಾರೆ. ಚಪ್ಪರ ಹಣ್ಣು ಬಿಡುವುದಿಲ್ಲ. ಆದರೆ ಬಳ್ಳಿ ಯಾವ ಕಡೆ ಹೋಗಬೇಕು, ಗೊಂಚಲು ಯಾರ ಕೈಗೆ ಎಟುಕಬೇಕು ಎಂಬುದನ್ನು ನಿರ್ಧರಿಸುವುದು ಚಪ್ಪರವೇ. ಪದವಿಯ ರಚನೆಯೂ ಹಾಗೆಯೇ ಎಂದು ಅಲ್ಲಿ ನಿಂತಾಗ ಅನಿಸಿತು.

ಈ ಕಣಿವೆಯಲ್ಲಿ ಕಪ್ಪಿಲಿಯರು ಎಂಬ ಕನ್ನಡ ಮನೆಮಾತಿನ ಒಕ್ಕಲು ಮಕ್ಕಳಿದ್ದಾರೆ. ಎಷ್ಟೋ ತಲೆಮಾರುಗಳ ಹಿಂದೆ ಮೇಲುನಾಡಿನಿಂದ ಬಂದವರು. ಶಾಲೆಯ ಓದೆಲ್ಲ ತಮಿಳಿನಲ್ಲಿ. ಕನ್ನಡ ಅಕ್ಷರ ಗೊತ್ತಿಲ್ಲ. ಮನೆಯೊಳಗಿನ ಮಾತು ಮಾತ್ರ ಕನ್ನಡ. ಯಾವ ಸರ್ಟಿಫಿಕೇಟೂ ಇಲ್ಲದೆ, ಯಾವ ಪರೀಕ್ಷೆಯೂ ಇಲ್ಲದೆ, ಅಜ್ಜಿಯ ಬಾಯಿಂದ ಮೊಮ್ಮಗಳ ಬಾಯಿಗೆ ಒಂದು ಭಾಷೆ ಸಾಗಿಬಂದಿದೆ. ಮನೆಯಲ್ಲಿ ಕಡ್ಡಾಯವಾದದ್ದು ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆ ಮನೆಗಳಲ್ಲೊಂದಕ್ಕೆ ಆಮೇಲೆ ಬರೋಣ.

ತೇನಿ ಜಿಲ್ಲೆಯ ಪೆರಿಯಕುಳದಲ್ಲಿ, ಬೆಟ್ಟದ ಬುಡದಲ್ಲಿ, ಜಯರಾಜ್ ಅನ್ನಪಾಕ್ಕಿಯಂ ಮಹಿಳಾ ಕಾಲೇಜಿದೆ. ತಿರುಚಿರಾಪಳ್ಳಿಯ ಸಂತ ಅನ್ನಮ್ಮನವರ ಸಭೆಯ ಸಿಸ್ಟರುಗಳು 1971ರಲ್ಲಿ ಆರಂಭಿಸಿದ್ದು. ಹಳ್ಳಿಯ ಹೆಣ್ಣುಮಕ್ಕಳು ದೂರದ ಮದುರೆಗೆ ಹೋಗಲಾರದಿದ್ದ ಕಾಲದಲ್ಲಿ ಕಾಲೇಜೇ ಅವರ ಹತ್ತಿರ ಬಂತು. ಈಗ ಅದು ಸ್ವಾಯತ್ತ ಕಾಲೇಜು. 1984ರಲ್ಲಿ ಕೊಡೈಕೆನಾಲಿನಲ್ಲಿ ಸರ್ಕಾರ ಸ್ಥಾಪಿಸಿದ ಮದರ್ ತೆರೆಸಾ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು.

ತಮಿಳುನಾಡಿನ ಕಲಾ, ವಿಜ್ಞಾನ ಕಾಲೇಜುಗಳ ಪದವಿಯಲ್ಲಿ ಐದು ಭಾಗಗಳಿರುತ್ತವೆ. ಮೊದಲ ಭಾಗ ತಮಿಳು ಅಥವಾ ಬೇರೊಂದು ಭಾಷೆ, ಎರಡನೆಯದು ಇಂಗ್ಲಿಷ್, ಮೂರನೆಯದು ಮುಖ್ಯ ವಿಷಯ ಮತ್ತು ಅದರ ಪೂರಕ ವಿಷಯಗಳು. ನಾಲ್ಕನೆಯ ಭಾಗದಲ್ಲಿ ಪರಿಸರ, ಮೌಲ್ಯಶಿಕ್ಷಣ, ಕೌಶಲಗಳು. ಐದನೆಯ ಭಾಗದಲ್ಲಿ ಎನ್ನೆಸ್ಸೆಸ್‌ನಂಥ ಸೇವಾಕಾರ್ಯ. ಒಟ್ಟು ಸಾಮಾನ್ಯವಾಗಿ 140 ಕ್ರೆಡಿಟ್. ಅದರಲ್ಲಿ ಐದನೆಯ ಭಾಗಕ್ಕೆ ಸಿಗುವುದು ಒಂದೋ ಎರಡೋ. ಸ್ನೇಹಿತರು ನಗುತ್ತಾ, ‘ನೆರೆಯವನ ಪ್ರೀತಿಗೆ ನೂರನಲವತ್ತರಲ್ಲಿ ಒಂದು ಕ್ರೆಡಿಟ್ ಸ್ವಾಮಿ’ ಎಂದರು. ನಕ್ಕೆವು. ಆದರೆ ರಾತ್ರಿ ಆ ಮಾತು ನಿದ್ದೆಗೆ ಬಿಡಲಿಲ್ಲ. ಇದು ಯಾವುದೋ ಒಂದು ಕಾಲೇಜಿನ ತಪ್ಪಲ್ಲ. ಎಲ್ಲರಿಗೂ ಹೊಂದುವಂತೆ ಮಾಡಿದ ಚೌಕಟ್ಟು ಅದು. ಆ ಚೌಕಟ್ಟಿನಾಚೆ ಸಿಸ್ಟರುಗಳೂ ಅಧ್ಯಾಪಕಿಯರೂ ಮಾಡುವ ಸೇವೆ ಬಹಳ. ಆದರೆ ಚೌಕಟ್ಟಿನಾಚೆ ಇರುವುದೆಲ್ಲ ವ್ಯಕ್ತಿಗಳ ಒಳ್ಳೆಯತನವನ್ನು ನಂಬಿಕೊಂಡಿರುತ್ತದೆ. ಅವರು ವರ್ಗವಾದರೆ ಅದೂ ಹೋಗಬಹುದು.

ದಿಂಡಿಗಲ್‌ನಿಂದ ಮದುರೆಯ ದಾರಿಯಲ್ಲಿ, ಸಿರುಮಲೈ ಬೆಟ್ಟದ ಹತ್ತಿರ, ಚಿನ್ನಾಳಪಟ್ಟಿ ಎಂಬ ನೇಕಾರರ ಊರಿನ ಪಕ್ಕ ಗಾಂಧಿಗ್ರಾಮವಿದೆ. ಅದು ಯಾವ ಒಂದು ಧರ್ಮದ ಸಂಸ್ಥೆಯೂ ಅಲ್ಲ, ನಮ್ಮ ಧರ್ಮಸಭೆಯದಂತೂ ಅಲ್ಲ. ಆದರೆ ಒಂದು ನಂಬಿಕೆಯ ಮೇಲೆ ನಿಂತದ್ದು. ಡಾ. ಟಿ. ಎಸ್. ಸೌಂದರಂ ಟಿವಿಎಸ್ ಕಂಪನಿಯ ಸ್ಥಾಪಕರ ಮಗಳು. ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ಎದೆಗುಂದದೆ ವೈದ್ಯಶಾಸ್ತ್ರ ಓದಿದವರು. ಜಿ. ರಾಮಚಂದ್ರನ್ ಶಾಂತಿನಿಕೇತನದಲ್ಲಿ ಕ್ರೈಸ್ತ ಸಾಧಕ ಸಿ. ಎಫ್. ಆಂಡ್ರೂಸರ ಶಿಷ್ಯರಾಗಿದ್ದವರು. 1940ರಲ್ಲಿ ಗಾಂಧೀಜಿಯವರ ಆಶೀರ್ವಾದದಿಂದ ಮದುವೆಯಾದ ಈ ದಂಪತಿ 1947ರಲ್ಲಿ ಗಾಂಧಿಗ್ರಾಮವನ್ನು ಕಟ್ಟಿದರು. ಮೊದಲು ಆರೋಗ್ಯ, ಖಾದಿ, ಕೈಕೆಲಸ, ಮಕ್ಕಳ ಶಾಲೆ. 1956ರಲ್ಲಿ ಉನ್ನತ ಶಿಕ್ಷಣದ ಗ್ರಾಮೀಣ ಸಂಸ್ಥೆ.

ಇದರ ಹಿಂದೆ ಒಂದು ಕಥೆಯಿದೆ. 1948-49ರ ರಾಧಾಕೃಷ್ಣನ್ ಆಯೋಗ, ಹಳ್ಳಿಗಳಿಗೆ ಹಳ್ಳಿಯದೇ ವಿಶ್ವವಿದ್ಯಾಲಯಗಳು ಬೇಕು ಎಂದು ಶಿಫಾರಸು ಮಾಡಿತ್ತು. ಅದರ ಫಲವಾಗಿ ದೇಶದಲ್ಲಿ ಕ್ರಮೇಣ 14 ಗ್ರಾಮೀಣ ಸಂಸ್ಥೆಗಳು ಹುಟ್ಟಿದವು. ನಮ್ಮ ರಾಣೆಬೆನ್ನೂರು ಸೀಮೆಯ ಹನುಮನಮಟ್ಟಿಯಲ್ಲೂ ಒಂದಿತ್ತು. ಅಲ್ಲಿ ಬಿ.ಎ., ಬಿ.ಎಸ್ಸಿ. ಇರಲಿಲ್ಲ. ಮೂರು ವರ್ಷದ ಗ್ರಾಮಸೇವಾ ಡಿಪ್ಲೊಮಾ, ಗ್ರಾಮೀಣ ಎಂಜಿನಿಯರಿಂಗ್ ಡಿಪ್ಲೊಮಾ, ಎರಡು ವರ್ಷದ ಕೃಷಿ ಸರ್ಟಿಫಿಕೇಟು. ಓದಿನ ಜೊತೆ ದುಡಿಮೆ, ದುಡಿಮೆಯ ಜೊತೆ ಸೇವೆ. ಯೋಚನೆ ಬಹಳ ಚೆನ್ನಾಗಿತ್ತು. ಆದರೆ ತಂದೆತಾಯಂದಿರು ಕೇಳಿದ್ದು, ‘ಇದು ಡಿಗ್ರಿಯೇ?’ ಎಂದು. ಸರ್ಕಾರ ಸಮಾನ ಎಂದು ಹೇಳಿದರೂ ಜನ ಒಪ್ಪಲಿಲ್ಲ. ಕಾಲ ಕಳೆದಂತೆ ಆ ಸಂಸ್ಥೆಗಳಲ್ಲಿ ಹಲವು ಸಾಮಾನ್ಯ ಕಾಲೇಜುಗಳಾದವು, ಕೆಲವು ಬೇರೆ ವಿಶ್ವವಿದ್ಯಾಲಯಗಳಲ್ಲಿ ಕರಗಿದವು. ಹನುಮನಮಟ್ಟಿಯಲ್ಲಿ ಈಗಿರುವುದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕಾಲೇಜು.

ಗಾಂಧಿಗ್ರಾಮ 1976ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಪದವಿ ಎಂಬ ಹೆಸರು ಬಂತು, ಬಿ.ಎಸ್ಸಿ., ಎಂ.ಎ., ಪಿಎಚ್.ಡಿ. ಎಲ್ಲವೂ ಬಂದವು. ಆದರೆ ಬರುವಾಗ ಅವರು ತಮ್ಮ ನಂಬಿಕೆಯನ್ನು ಹೊಸ್ತಿಲಾಚೆ ಬಿಟ್ಟು ಬರಲಿಲ್ಲ. ವಿಭಾಗಗಳ ಹೆಸರನ್ನೇ ನೋಡಿ: ಗ್ರಾಮಾಭಿವೃದ್ಧಿ, ಸಹಕಾರ, ಕೃಷಿ, ಗ್ರಾಮೀಣ ಆರೋಗ್ಯ ಮತ್ತು ನೈರ್ಮಲ್ಯ. ಬೋಧನೆ, ಸಂಶೋಧನೆ ಎಂಬ ಎರಡು ಕಾಲುಗಳಿಗೆ ‘ವಿಸ್ತರಣೆ’, ಅಂದರೆ ಕಲಿತದ್ದನ್ನು ಹಳ್ಳಿಗೆ ಒಯ್ಯುವುದು ಎಂಬ ಮೂರನೆಯ ಕಾಲನ್ನು ಸೇರಿಸಿದರು. ಗಾಂಧೀಜಿಯವರ ಬದುಕು ಮತ್ತು ಚಿಂತನೆ, ಶಾಂತಿಸೇನೆಯ ತರಬೇತಿ, ಹಳ್ಳಿವಾಸ ಇವು ಪಾಠಪಟ್ಟಿಯ ಒಳಗೇ ಬಂದವು. ಸರ್ವಧರ್ಮ ಪ್ರಾರ್ಥನೆ ಅಲ್ಲಿನ ಸಂಪ್ರದಾಯ. ಹಳ್ಳಿವಾಸವೆಂದರೆ ವಿದ್ಯಾರ್ಥಿಗಳು ಅಧ್ಯಾಪಕರ ಜೊತೆ ಒಂದು ಹಳ್ಳಿಗೆ ಹೋಗಿ ಕೆಲವು ದಿನ ಅಲ್ಲೇ ಇದ್ದು, ಮನೆಮನೆಯ ವಿವರ ಬರೆದುಕೊಂಡು, ಆ ಊರಿನ ಕಷ್ಟಸುಖವನ್ನು ಅರಿಯುವುದು. ಕಂಪ್ಯೂಟರ್ ಓದುವವನಾಗಲಿ, ರಸಾಯನಶಾಸ್ತ್ರ ಓದುವವಳಾಗಲಿ, ಇದರ ರುಚಿ ಕಾಣದೆ ಹೊರಬರಬಾರದು ಎಂಬುದು ಅಲ್ಲಿನ ಆಶಯ.

ಈಗ ಆ ಕನ್ನಡದ ಮನೆಗೆ ಬರೋಣ. ಕಂಬಂ ಹತ್ತಿರ ಅಜ್ಜಿಯೊಬ್ಬರು ತಮಿಳು ಬೆರೆತ ಹಳೆಯ ಕನ್ನಡದಲ್ಲಿ ‘ಬನ್ನಿ ಸಾಮಿ’ ಎಂದು ಕರೆದು ಮಜ್ಜಿಗೆ ಕೊಟ್ಟರು. ಮೊಮ್ಮಗಳು ಗಾಂಧಿಗ್ರಾಮದಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಆ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗು. ತುಂಡು ಜಮೀನಿದೆ, ಸಾಲದು. ತಾಯಿ ಬೆಳಗಿನ ಜಾವಕ್ಕೆ ಎದ್ದು, ಬುತ್ತಿ ಕಟ್ಟಿಕೊಂಡು, ಜೀಪಿನಲ್ಲಿ ಘಟ್ಟ ಹತ್ತಿ ಕೇರಳದ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಆ ಕಣಿವೆಯ ಎಷ್ಟೋ ಹೆಂಗಸರ ದಿನಚರಿ ಅದು.

ಹಳ್ಳಿವಾಸದಲ್ಲಿ ಏನು ಕಲಿತೆ ಎಂದು ಕೇಳಿದೆವು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಕಾಗದದಲ್ಲಿ ಮನೆಯವರ ಕೆಲಸ ಏನು ಅಂತ ಬರೀಬೇಕಿತ್ತು ಸಾಮಿ. ಒಬ್ಬರು ಅಕ್ಕ, ಕೂಲಿ ಅಂತ ಬರಕೋ ಅಂದ್ರು. ಎಷ್ಟು ಗಂಟೆಗೆ ಏಳ್ತೀರಿ, ಎಷ್ಟು ಗಂಟೆಗೆ ಬರ್ತೀರಿ, ಬೆನ್ನು ನೋವು ಇದೆಯಾ ಅಂತ ಎಲ್ಲ ಕೇಳಿ ಬರಕೊಂಡೆ. ರಾತ್ರಿ ಕೂತು ಓದಿದಾಗ ಗೊತ್ತಾಯ್ತು, ಇದನ್ನೆಲ್ಲ ನಮ್ಮವ್ವನ್ನ ನಾನು ಒಂದು ದಿನಾನೂ ಕೇಳಿಲ್ಲ ಅಂತ.’

ಅಜ್ಜಿ ಮೊಮ್ಮಗಳ ತಲೆ ಸವರಿದರು. ನಮಗೆ ಮಾತು ಹೊರಡಲಿಲ್ಲ.

ಪ್ರಿಯ ಬಂಧುಗಳೇ, ಆ ಹುಡುಗಿಯ ಅಂಕಪಟ್ಟಿಯಲ್ಲಿ ಆ ಹಳ್ಳಿವಾಸದ ಮುಂದೆ ಒಂದು ಸಣ್ಣ ಅಂಕಿ ಇದ್ದೀತು. ಅವಳು ಕಲಿತದ್ದನ್ನು ಆ ಅಂಕಿ ಹೇಳಲಾರದು. ಆದರೆ ಆ ಅಂಕಿಯೇ ಇಲ್ಲದಿದ್ದರೆ, ಅಂದರೆ ಅದು ಕಡ್ಡಾಯವಾಗಿಲ್ಲದಿದ್ದರೆ, ಅವಳು ಆ ಹಳ್ಳಿಗೆ ಹೋಗುತ್ತಲೇ ಇರಲಿಲ್ಲ. ಇದೇ ನಾವು ಹೇಳಬೇಕೆಂದಿರುವ ಮಾತು. ಒಂದು ಸಂಸ್ಥೆಯ ನಂಬಿಕೆ ಅದರ ಹೆಸರಿನಲ್ಲಿಲ್ಲ, ಹೆಬ್ಬಾಗಿಲ ಮೇಲಿನ ಶಿಲುಬೆಯಲ್ಲಿಲ್ಲ, ಪ್ರಾಸ್ಪೆಕ್ಟಸ್ಸಿನ ಮೊದಲ ಪುಟದಲ್ಲೂ ಇಲ್ಲ. ಎಲ್ಲರೂ ಮಾಡಲೇಬೇಕಾದದ್ದು ಎಂದು ಅದು ಯಾವುದಕ್ಕೆ ಹೊತ್ತು ಕೊಡುತ್ತದೋ ಅದರಲ್ಲಿದೆ.

ಇದಕ್ಕೆ ಇನ್ನೊಂದು ಮುಖವೂ ಇದೆ ಎಂಬುದನ್ನು ಮರೆಯಬಾರದು. ನಾವು ಓದಿದ ಒಂದು ಕಾಲೇಜಿನಲ್ಲಿ ವಾರಕ್ಕೊಂದು ಮೌಲ್ಯಶಿಕ್ಷಣದ ಪೀರಿಯಡ್ ಇತ್ತು. ವೇಳಾಪಟ್ಟಿಯಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಆದರೆ ಪರೀಕ್ಷೆ ಹತ್ತಿರ ಬಂದಾಗ ಗಣಿತದ ಮೇಷ್ಟ್ರು ಅದನ್ನು ಕೇಳಿ ಪಡೆಯುತ್ತಿದ್ದರು. ಯಾರೂ ಇಲ್ಲ ಎನ್ನುತ್ತಿರಲಿಲ್ಲ. ವರ್ಷದ ಕೊನೆಗೆ ಎಲ್ಲರಿಗೂ ‘ಉತ್ತಮ’ ಎಂಬ ಷರಾ. ಮೌಲ್ಯಗಳಿಗೆ ಬೆಲೆ ಎಷ್ಟು ಎಂಬುದನ್ನು ನಾವು ಆ ಪೀರಿಯಡ್‌ನಲ್ಲಿ ಬಹಳ ಚೆನ್ನಾಗಿ ಕಲಿತೆವು! ಕಡ್ಡಾಯ ಮಾಡಿದ ಮಾತ್ರಕ್ಕೆ ಹೃದಯ ಬದಲಾಗುವುದಿಲ್ಲ. ಸೇವೆಗೂ ಅಂಕ ಕೊಟ್ಟರೆ ಅಂಕಕ್ಕಾಗಿ ಸೇವೆ ಮಾಡುವವರೂ ಹುಟ್ಟಿಕೊಳ್ಳುತ್ತಾರೆ. ಗಿಡ ನೆಟ್ಟು ಫೋಟೋ ತೆಗೆಸಿಕೊಂಡು ಮರಳುವುದನ್ನು ನಾವೆಲ್ಲ ನೋಡಿದ್ದೇವೆ. ಚಪ್ಪರ ಹಾಕಿ ನೀರು ಬಿಡದಿದ್ದರೆ ಬಳ್ಳಿ ಒಣಗುತ್ತದೆ. ನೀರು ಬಿಟ್ಟು ಚಪ್ಪರ ಹಾಕದಿದ್ದರೆ ಬಳ್ಳಿ ನೆಲದಲ್ಲಿ ಹರಡಿ ಹಣ್ಣು ಕೊಳೆಯುತ್ತದೆ. ಎರಡೂ ಬೇಕು. ಚಪ್ಪರ ಹಾಕುವುದು ಸಂಸ್ಥೆಯ ಕೆಲಸ. ನೀರು ಹಾಯಿಸುವುದು ಅಧ್ಯಾಪಕರ ಮತ್ತು ಮನೆಯವರ ಕೆಲಸ.

ಆದ್ದರಿಂದ ಮಕ್ಕಳನ್ನು ಕಾಲೇಜಿಗೆ ಸೇರಿಸುವ ನಮ್ಮ ಕುಟುಂಬಗಳು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ವಿನಂತಿ. ಒಂದು, ಯಾವ ವಿಷಯ ಓದಿದರೂ ಎಲ್ಲ ವಿದ್ಯಾರ್ಥಿಗಳೂ ಕಡ್ಡಾಯವಾಗಿ ಕಲಿಯಬೇಕಾದದ್ದು ಏನು, ಅದಕ್ಕೆ ಎಷ್ಟು ಗಂಟೆ? ಎರಡು, ಆ ಗಂಟೆಯನ್ನು ಬೇರೆ ಪಾಠಕ್ಕೆ ಕೊಡುತ್ತೀರಾ? ಮೂರು, ಬಡವರ ಮನೆಯ ಬಾಗಿಲಿಗೆ ನನ್ನ ಮಗ ಅಥವಾ ಮಗಳು ಈ ಮೂರು ವರ್ಷಗಳಲ್ಲಿ ಒಮ್ಮೆಯಾದರೂ ಹೋಗುವ ಅವಕಾಶ ಇದೆಯೇ? ಶುಲ್ಕ ಕಟ್ಟುವವರು ಕೇಳಿದರೆ ಸಂಸ್ಥೆಗಳು ಉತ್ತರಿಸುತ್ತವೆ. ಯಾರೂ ಕೇಳದಿದ್ದರೆ ಪ್ಲೇಸ್‌ಮೆಂಟ್ ಸಂಖ್ಯೆಯನ್ನು ಮಾತ್ರ ಬೋರ್ಡಿಗೆ ಹಾಕುತ್ತವೆ.

ಇದೇ ಪ್ರಶ್ನೆ ನಮ್ಮ ಕಡೆಗೂ ತಿರುಗುತ್ತದೆ. ಧರ್ಮಕೇಂದ್ರದ ಧರ್ಮೋಪದೇಶದ ತರಗತಿಗೂ ಒಂದು ರಚನೆಯಿದೆ. ಜಪ ಬಾಯಿಪಾಠ ಮಾಡಿಸುತ್ತೇವೆ, ಪ್ರಶ್ನೋತ್ತರ ಒಪ್ಪಿಸಿಕೊಳ್ಳುತ್ತೇವೆ, ಬಹುಮಾನ ಕೊಡುತ್ತೇವೆ, ಇವೆಲ್ಲ ಬೇಕು. ಜೊತೆಗೆ ಈ ವರ್ಷ ದೃಢೀಕರಣಕ್ಕೆ ಸಿದ್ಧರಾಗುವ ಮಕ್ಕಳಿಗೆ ಒಂದು ಹೊಸ ಪಾಠ ಸೇರಿಸೋಣ ಎಂದಿದ್ದೇವೆ. ಪ್ರತಿಯೊಂದು ಮಗುವೂ ಒಂದು ವಾರ ತನ್ನ ತಂದೆಯ ಅಥವಾ ತಾಯಿಯ ದಿನಚರಿಯನ್ನು ಕೇಳಿ ಬರೆದು ತರಬೇಕು: ಎಷ್ಟು ಗಂಟೆಗೆ ಏಳುತ್ತಾರೆ, ಏನು ಕೆಲಸ, ಎಲ್ಲಿ ನೋವು, ಯಾವುದು ಸಂತೋಷ. ಅಂಕ ಇಲ್ಲ, ಬಹುಮಾನ ಇಲ್ಲ. ಆದರೆ ಕಡ್ಡಾಯ. ತಂದೆತಾಯಂದಿರೇ, ಮಗು ಪುಸ್ತಕ ಹಿಡಿದು ಎದುರಿಗೆ ಕುಳಿತಾಗ ‘ಈಗ ಪುರುಸೊತ್ತಿಲ್ಲ, ಆಮೇಲೆ’ ಎನ್ನಬೇಡಿ. ಟಿ.ವಿ. ಆರಿಸಿ, ಅರ್ಧ ಗಂಟೆ ಕುಳಿತು ನಿಜವಾದ ಉತ್ತರವನ್ನೇ ಹೇಳಿ.